ಪಟೇಲರ ಪಿಸ್ತೂಲಿಗೆ ಹರಳೆಣ್ಣೆ

ದಫೇದಾರ ಶಿವಣ್ಣ ಪಿಸ್ತೂಲನ್ನು ಮೊರದಲ್ಲಿಟ್ಟುಕೊಂಡು, ಚೇಳು ಹೊತ್ತವನ ಹಾಗೆ ಎರಡೂ ಕೈ ಮುಂದೆ ಚಾಚಿ, ಜಗಲಿಯಿಂದ ಇಳಿದು ಬಂದ. ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಸೀಳುತ್ತಿದ್ದವರು ಮಚ್ಚು ಕೆಳಗಿಟ್ಟು ಹಿಂದಕ್ಕೆ ಸರಿದರು.

"ಬೇಗ ನೋಡು ಆಚಾರಿ. ಲೈಸೆನ್ಸಿನೋರೇ ತೀರ್ಕೊಂಡ್ಮೇಲೆ ಇದು ಇವತ್ತೇ ಪೇಟೆ ಠಾಣೆ ಸೇರಬೇಕು. ಗುಂಡು ತುಂಬೋ ಉರುಳೆ ಕಚ್ಕೊಂಡ್ಬುಟ್ಟದೆ. ಒಳಗೆ ಗುಂಡು ಐತೋ ಇಲ್ವೋ ದೇವರಿಗೇ ಗೊತ್ತು. ದಾರೀಲಿ ಸಿಡಿದ್ರೆ ನನಗೂ ಒಂದು ಚಟ್ಟ ಕಟ್ಟಬೇಕಾಯ್ತದೆ."

ನಾಗಮಂಗಲದ ಕಮ್ಮಾರ ಕುಳ್ಳಾಚಾರಿ ಮೊರವನ್ನು ತಡವಿ ಇಸಿದುಕೊಂಡು ಪಕ್ಕಕ್ಕೆ ಚಾಚಿದ. "ನನ್ನ ಕಣ್ಣಿಗೆ ಪೊರೆ ಬಂದದೆ ಸ್ವಾಮಿ. ಬಿಚ್ಚೋಳು ನನ್ನ ತಂಗಿ."

ತಂಗಿ ಇಂದ್ರಮ್ಮ ಮೊರವನ್ನು ತೊಡೆಯ ಮೇಲಿಟ್ಟುಕೊಂಡಳು. ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದ ಪಟೇಲ ಅಂದಾನಯ್ಯನವರ ಹೆಣವನ್ನು ಬಂದಾಗ ಒಮ್ಮೆ ನೋಡಿದ್ದಳು, ಅಷ್ಟೆ. ಇನ್ನೊಮ್ಮೆ ನೋಡಿದರೆ ಅಳು ಬಂದುಬಿಡುತ್ತದೆ ಎಂಬ ಭಯ. ಅಕ್ಕತಂಗಿಯರು ಅಳಬಹುದು, ಸೊಸೆಯಂದಿರು ಅಳಬಹುದು, ಕೂಲಿಯವರೂ ಅಳಬಹುದು. ಪಿಸ್ತೂಲು ಬಿಚ್ಚಲು ಬಂದ ವಿಧವೆ ಯಾವ ಲೆಕ್ಕದಲ್ಲಿ ಅತ್ತಾಳು?

ನಿನ್ನೆ ಮಧ್ಯಾಹ್ನ ತಳವಾರ ಕರಿಯಯ್ಯ ಸುದ್ದಿ ತಂದಿದ್ದ. ಕಣದಲ್ಲಿ ನಿಂತಿದ್ದ ಪಟೇಲರು ಎದೆ ಹಿಡಿದುಕೊಂಡು ಕೂತವರು ನೀರು ತರುವಷ್ಟರಲ್ಲಿ ಹೋಗಿಬಿಟ್ಟರಂತೆ. ಪಿಸ್ತೂಲು ಕೆಟ್ಟು ಕೂತಿದೆಯಂತೆ, ಆಚಾರಿ ಬರಬೇಕಂತೆ. ಪಿಸ್ತೂಲು ಕೆಟ್ಟಿದೆ ಎಂದು ಕೇಳಿದಾಗ ಇಂದ್ರಮ್ಮನ ಎದೆ ಒಂದು ಗಳಿಗೆ ಹಗುರಾಗಿತ್ತು. ಆಮೇಲೆ ತನ್ನ ಮೇಲೆ ತನಗೇ ಅಸಹ್ಯವಾಗಿತ್ತು.

*

ಆ ಪಿಸ್ತೂಲು ಬಂದದ್ದು ಹಿರೋಡೆಯಿಂದ. ಸೀಮೆಗೆ ವಾಪಸು ಹೊರಟ ಇಂಗ್ಲಿಷ್ ದೊರೆಯೊಬ್ಬ ತನ್ನ ಕುರ್ಚಿ ಮೇಜು ಹರಾಜು ಹಾಕಿದಾಗ ಅಂದಾನಯ್ಯ ಕೊಂಡಿದ್ದರು. ಕಬ್ಬಿನ ಗದ್ದೆಗೆ ನುಗ್ಗುವ ಹಂದಿ ಹೊಡೆಯಲು ಎಂಬುದು ಅವರ ಮಾತು. ಯಾವ ಹಂದಿಯೂ ಅದರಿಂದ ಸಾಯಲಿಲ್ಲ. ಊರಿನವರು ಬೆನ್ನ ಹಿಂದೆ ಅವರನ್ನು ಪಿಸ್ತೂಲು ಪಟೇಲ ಎಂದು ಕರೆದು ನಗುತ್ತಿದ್ದರು.

ಮೊದಲ ಸಲ ಅದನ್ನು ಕುಲುಮೆಗೆ ತಂದಾಗ ಕುಳ್ಳಾಚಾರಿ ಮೂಸಿ ನೋಡಿ ತಲೆ ಚಚ್ಚಿಕೊಂಡಿದ್ದ.

"ಗಾಡಿ ಅಚ್ಚಿಗೆ ಬುಡೋ ಅರಳೆಣ್ಣೆಯ ಇದಕ್ಕೆ ಬುಟ್ಟಿದ್ದೀರಲ್ಲ ಪಟೇಲ್ರೇ! ಅದು ಒಣಗಿ ಅಂಟಾಗಿ ಕಚ್ಕೊಂಡದೆ. ಇನ್ನೊಂದ್ಸಲ ಬುಡಬ್ಯಾಡಿ."

ಪಟೇಲರು ತಲೆಯಾಡಿಸಿದರು. ಮಾರನೆಯ ವರ್ಷ ಸುಗ್ಗಿ ಮುಗಿಯುತ್ತಿದ್ದಂತೆ ಮತ್ತೆ ಬಂದರು. ಅದೇ ಅಂಟು. ಅದರ ಮಾರನೆಯ ವರ್ಷವೂ ಅದೇ.

ಅಣ್ಣನ ಕಣ್ಣು ಮಂಜಾದ ಮೇಲೆ ಸಣ್ಣ ತಿರುಪುಗಳ ಕೆಲಸವೆಲ್ಲ ಇಂದ್ರಮ್ಮನದಾಯಿತು. ಅಂದಾನಯ್ಯ ಕುಲುಮೆಯ ತಿದಿಯ ಪಕ್ಕದ ಕಲ್ಲಿನ ಮೇಲೆ ಕೂರುತ್ತಿದ್ದರು. ಅವಳಿಗೆ ಹೆದರಿಕೆಯೆಂದು ಗುಂಡುಗಳನ್ನು ಮನೆಯಲ್ಲೇ ತೆಗೆದಿಟ್ಟು ಬರುತ್ತಿದ್ದರು. ಅವಳು ಬಿಸಿನೀರಿನ ಬಟ್ಟೆ ಸುತ್ತಿ ಅಂಟು ಬಿಡಿಸುವಾಗ ತೀರಿಹೋದ ಹೆಂಡತಿಯ ವಿಷಯ, ಹೊಸ ನಾಲೆಯ ನೀರಿನ ವಿಷಯ, ಏನೇನೋ ಹೇಳುತ್ತಿದ್ದರು. ಅವಳ ಕೈ ಚುರುಕಾದರೆ ಸಾಕು, "ನಿಧಾನಕ್ಕೆ ಮಾಡು ಇಂದ್ರಮ್ಮ. ಗದ್ದೆ ಅಂದಿ ಎಲ್ಲಿಗೂ ಓಗಕಿಲ್ಲ" ಎನ್ನುತ್ತಿದ್ದರು. ಹದಿನೆಂಟಕ್ಕೇ ಗಂಡನನ್ನು ಕಳೆದುಕೊಂಡವಳಿಗೆ ಅಷ್ಟು ಮೆಲ್ಲಗೆ ಮಾತಾಡಿದವರು ಬೇರೆ ಯಾರೂ ಇರಲಿಲ್ಲ.

ಬೀದಿಯವರಿಗೆ ಕಣ್ಣಿಲ್ಲವೇ? ಅಣ್ಣನ ಮಗಳಿಗೆ ಗಂಡು ಗೊತ್ತುಮಾಡಲು ಬಂದವರ ಕಿವಿಗೂ ಮಾತು ಬಿತ್ತು. ಆ ಸುಗ್ಗಿಯಲ್ಲಿ ಇಂದ್ರಮ್ಮ ದರ್ಜಿಯವನ ಹತ್ತಿರ ಮಿಷನ್ನಿನ ಎಣ್ಣೆ ತಂದು, ಒಂದು ಸಣ್ಣ ಸೀಸೆಯಲ್ಲಿ ತುಂಬಿ ಅವರ ಮುಂದಿಟ್ಟಳು.

"ಇನ್ಮ್ಯಾಲೆ ಇದನ್ನೇ ಬುಡಿ. ಬುಟ್ರೆ ಕೆಡಕಿಲ್ಲ. ಕೆಡದಿದ್ರೆ ನೀವು ಇಲ್ಲಿಗೆ ಬರೋ ಪ್ರಮೇಯ ಇಲ್ಲ. ಮನೇಲಿ ಮದುವೆ ಆಗೋ ಉಡುಗಿ ಅವಳೆ, ಪಟೇಲ್ರೇ."

ಅವರು ಸೀಸೆಯನ್ನು ಬಹಳ ಹೊತ್ತು ನೋಡಿದರು. "ಸರಿ ಕಣಮ್ಮ" ಎಂದು ಎದ್ದು ಹೋದರು.

ಮುಂದಿನ ಸುಗ್ಗಿಗೆ ಬರಲಿಲ್ಲ. ಅದರಾಚೆಯ ಸುಗ್ಗಿಗೂ ಬರಲಿಲ್ಲ. ಬರಬೇಡಿ ಎಂದವಳೇ ಗಾಡಿಯ ಸದ್ದಾದಾಗಲೆಲ್ಲ ಬಾಗಿಲಿಗೆ ಬರುತ್ತಿದ್ದಳು. ಹೇಳಿದ ಮಾತನ್ನು ಇಷ್ಟು ಚೆನ್ನಾಗಿ ಕೇಳುವ ಗಂಡಸೂ ಇರುತ್ತಾನೆಯೇ ಎಂದು ಸಿಟ್ಟು ಬರುತ್ತಿತ್ತು. ಬರೀ ಪಿಸ್ತೂಲಿಗಾಗಿಯೇ ಬರುತ್ತಿದ್ದರೇನೋ, ತಾನೇ ಏನೇನೋ ಕಟ್ಟಿಕೊಂಡೆನೇನೋ ಎಂದು ಕೊರಗುತ್ತಿದ್ದಳು.

*

"ಒಸಿ ಬಿಸಿನೀರು ಬೇಕಿತ್ತು" ಎಂದಳು ಇಂದ್ರಮ್ಮ.

ಆ ಹೊತ್ತು ಮನೆಯಲ್ಲಿ ಕಾಯುತ್ತಿದ್ದದ್ದು ಒಂದೇ ಹಂಡೆ, ಹೆಣ ಮೀಸುವ ನೀರಿನದು. ಪಟೇಲರ ಅಕ್ಕ ಮುತ್ತಮ್ಮ ಅದರಲ್ಲೇ ಒಂದು ಚೊಂಬು ತೋಡಿ ತಂದು ಅವಳ ಪಕ್ಕ ಕೂತರು.

ಇಂದ್ರಮ್ಮ ಬಟ್ಟೆ ಅದ್ದಿ, ಹಿಂಡಿ, ಉರುಳೆಗೆ ಸುತ್ತಿದಳು. ಕಾವು ತಾಗುತ್ತಿದ್ದಂತೆ ವಾಸನೆ ಎದ್ದಿತು. ಅವಳ ಕೈ ನಿಂತಿತು. ಹರಳೆಣ್ಣೆ.

"ಮಿಷನ್ನಿನ ಎಣ್ಣೆ ಮುಗಿದೋಗಿತ್ತಾ, ಅವ್ವ?"

"ಎಲ್ಲಿ ಮುಗೀತದೆ! ಅರ್ಧ ಸೀಸೆ ಅಂಗೇ ಗೂಡಲ್ಲೈತೆ. ಎರಡು ವರ್ಸ ಅದನ್ನೇ ಬುಟ್ಟು ಒರೆಸಿ ಮಡಗ್ತಿದ್ದ. ಈ ಸಂಕ್ರಾಂತೀಲಿ ಯಾರೋ ನಾಗಮಂಗಲದೋರು ಬಂದು, ಆಚಾರಿ ಮಗಳು ಮದುವೆ ಆಗಿ ಗಂಡನ ಮನೆ ಸೇರುದ್ಲು ಅಂದ್ರು. ಅವತ್ತಿಂದ ಅದೇನು ಬುದ್ಧಿ ಬಂತೋ ಕಣವ್ವ, ದಿನಾ ದೀಪದ ಅರಳೆಣ್ಣೆ ತಂದು ಅದಕ್ಕೆ ಸುರಿಯೋದು, ಬಿಸಿಲಿಗೆ ಮಡಗೋದು. ಕೆಟ್ಟೋಯ್ತದೆ ಕಣ್ಲಾ ಅಂದ್ರೆ ನಗೋನು. ಮೊನ್ನೆ ಉರುಳೆ ತಿರುಗಿಸಿ ನೋಡಿ, ಅಬ್ಬ, ಕಚ್ಕತು ಕಣಕ್ಕ, ಕಣದ ಕೆಲಸ ಮುಗಿಸಿ ನಾಗಮಂಗಲಕ್ಕೆ ಓಗಬೇಕು ಅಂದ. ಉಡುಗನಂಗೆ ಕುಶಿಯಾಗಿದ್ದ."

ಮುತ್ತಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. ಇಂದ್ರಮ್ಮನ ಮುಖವನ್ನು ಒಂದು ಗಳಿಗೆ ನೋಡಿ, ಬೆನ್ನ ಮೇಲೆ ಕೈಯಿಟ್ಟರು.

ಬಟ್ಟೆಯ ಒಳಗೆ ಉರುಳೆ ಮೆಲ್ಲಗೆ ಸಡಿಲವಾಯಿತು. ಇಂದ್ರಮ್ಮ ಅದನ್ನು ತಿರುಗಿಸುತ್ತ ಒಂದೊಂದೇ ತೂತು ನೋಡಿದಳು. ಆರೂ ಖಾಲಿ.

"ಗುಂಡೇ ಇಲ್ಲ" ಎಂದಳು.

"ಇದಕ್ಕಾ ನಾನು ಬೆಳಿಗ್ಗಿಂದ ನಡುಗ್ತಿದ್ದದ್ದು!" ದಫೇದಾರ ನಕ್ಕ. ಬಿದಿರು ಸೀಳುವವರೂ ನಕ್ಕರು. ಸಾವಿನ ಮನೆ ಎಂಬುದು ನೆನಪಾಗಿ ಮತ್ತೆ ಮಚ್ಚು ಕೈಗೆತ್ತಿಕೊಂಡರು.

ಗುಂಡು ತೆಗೆದಿಟ್ಟು ಅವರು ತನ್ನ ಕುಲುಮೆಗೆ ಹೊರಡಲು ಸಿದ್ಧರಾಗಿದ್ದರು. ಇಂದ್ರಮ್ಮ ಆಗ ತಲೆಯೆತ್ತಿ ಅಂದಾನಯ್ಯನವರ ಮುಖವನ್ನು ಕಣ್ಣು ತಣಿಯುವಷ್ಟು ನೋಡಿದಳು. ಯಾರು ಬೇಕಾದರೂ ನೋಡಲಿ ಎನಿಸಿತು.

ತಮಟೆ ಬಡಿದು ಹೆಣ ಎತ್ತಿದರು. ಗಂಡಸರು ಗದ್ದೆಯ ಕಡೆ ಹೋದ ಮೇಲೆ ಹೆಂಗಸರು ಮನೆ ತೊಳೆದು ಬಾವಿಕಟ್ಟೆಗೆ ಬಂದರು. ಸಾವಿನ ಮನೆಗೆ ಬಂದವರು ಮಿಂದೇ ಹೋಗಬೇಕು. ಇಂದ್ರಮ್ಮನ ಸರದಿ ಬಂದಾಗ ಮುತ್ತಮ್ಮನೇ ಕೊಡ ಎತ್ತಿ ಅವಳ ತಲೆಯ ಮೇಲೆ ಸುರಿದರು. ಕೂದಲು ತೊಯ್ದು, ಸೀರೆ ತೊಯ್ದು, ನೀರು ಕಾಲಡಿ ಹರಿಯಿತು. ಎಣ್ಣೆ ಮೆತ್ತಿದ ಬಲಗೈಯನ್ನು ಮಾತ್ರ ಅವಳು ನೀರು ಬೀಳದ ಹಾಗೆ ದೂರಕ್ಕೆ ಚಾಚಿ ಹಿಡಿದಿದ್ದಳು.