ಒಬ್ಬಳಿಗಾಗಿ ತೆರೆದಿದ್ದ ಕಾಲೇಜು

ನೆಬ್ರಾಸ್ಕಾದ ಎಲ್ಮ್ ಫೋರ್ಕ್‌ನ ನಮ್ಮ ಕಾಲೇಜಿಗೆ ಎಪ್ಪತ್ತೈದು ತುಂಬಿದಾಗ ಅದರ ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೂವತ್ತೊಂದು ವರ್ಷ ಅಲ್ಲಿನ ಲೈಬ್ರರಿಯಲ್ಲಿದ್ದವಳು ನಾನು. ಗಂಡ ತೀರಿಕೊಂಡ ಮೇಲೆ ಮಧ್ಯಾಹ್ನಗಳು ಸರಿಯುತ್ತಲೇ ಇರಲಿಲ್ಲ. ಒಪ್ಪಿಕೊಂಡೆ.

1944ರ ಹಾಜರಿ ಪುಸ್ತಕ ತೆರೆದವಳು ಹಾಗೇ ನಿಂತುಬಿಟ್ಟೆ. ಇಡೀ ವರ್ಷಕ್ಕೆ ಒಂದೇ ಹೆಸರು: ವಯೋಲಾ ಕುಚೆರಾ. ಕೆಳಗೆ ಅಧ್ಯಾಪಕಿಯ ಸಹಿಯೂ ಒಂದೇ: ಹೆಸ್ಟರ್ ಪ್ರೌಟಿ.

ವಯೋಲಾ ಊರಾಚೆಯ ವೃದ್ಧಾಶ್ರಮದಲ್ಲಿದ್ದರು. ಹೋಗಿ ಕೇಳಿದೆ.

“ಹುಡುಗರೆಲ್ಲ ಯುದ್ಧಕ್ಕೆ, ಹುಡುಗೀರು ಬಾಂಬ್ ಕಾರ್ಖಾನೆಗೆ. ನಾನೂ ಹೊರಟಿದ್ದೆ ಕಣೇ,” ಅಂದರು. “ಮಿಸ್ ಪ್ರೌಟಿ ಹಿಮದಲ್ಲಿ ನಮ್ಮ ಹೊಲದ ತನಕ ನಡ್ಕೊಂಡು ಬಂದ್ರು. ‘ನೀನೂ ಬಿಟ್ರೆ ಬಾಗಿಲು ಹಾಕ್ತಾರೆ, ಮತ್ತೆ ತೆಗೆಯೋರಿಲ್ಲ’ ಅಂದ್ರು. ನಮ್ಮಪ್ಪ ನಕ್ಕ. ‘ಒಬ್ಬಳಿಗೋಸ್ಕರ ಕ್ಲಾಸಲ್ಲಿ ಚಳಿಗೆ ಒಲೆ ಉರಿಸ್ತೀರಾ ಮೇಡಂ?’ ಅಂದ. ‘ಕಲ್ಲಿದ್ದಲು ನಾನೇ ಹೊರ್ತೀನಿ’ ಅಂದ್ರು.”

“ಹೊತ್ರಾ?”

“ದಿನಾ. ಆಗ ಕಾಲೇಜು ಇದ್ದಿದ್ದೇ ಹೈಸ್ಕೂಲಿನ ಮೇಲ್ಮಹಡೀಲಿ. ಅಲ್ಲಿ ನಾವಿಬ್ರೇ. ಖಾಲಿ ಬೆಂಚಿಗೆಲ್ಲ ಕೇಳೋ ಹಾಗೆ ಜೋರಾಗಿ ಪಾಠ ಮಾಡೋರು. ಊಟ ಅವರು ಆ ಮೂಲೇಲಿ, ನಾನು ಈ ಮೂಲೇಲಿ. ಒಂದಿನಾನೂ ಕರೀಲಿಲ್ಲ. ನಾನೂ ಹೋಗ್ಲಿಲ್ಲ.”

ಯುದ್ಧ ಮುಗಿದು ಸೈನಿಕರು ಮರಳಿದರು. ಕಾಲೇಜಿನಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಹೊಸ ಪ್ರಿನ್ಸಿಪಾಲರು ಬಂದವರೇ, ದೊಡ್ಡ ಡಿಗ್ರಿ ಇಲ್ಲವೆಂದು ಮಿಸ್ ಪ್ರೌಟಿಯನ್ನು ಬಿಡಿಸಿದರು.

“ಅವರು ಬಸ್ಸಿಗೆ ನಿಂತಿದ್ದು ಕ್ಲಾಸಿನ ಕಿಟಕೀಲಿ ಕಾಣ್ತಿತ್ತು. ಕೆಳಗೆ ಓಡಬೇಕು ಅನ್ಕೊಂಡೆ. ಅಷ್ಟರಲ್ಲಿ ಪಕ್ಕದ ಹುಡುಗ ಏನೋ ತಮಾಷೆ ಮಾಡಿದ, ನಕ್ಬಿಟ್ಟೆ. ತಿರುಗಿ ನೋಡಿದ್ರೆ ಬಸ್ಸಿಲ್ಲ.”

ನಾನು ಇದನ್ನೆಲ್ಲ ನಾಲ್ಕು ಪುಟ ಬರೆದೆ. ಕಾಲೇಜಿನ ಈಗಿನ ಅಧ್ಯಕ್ಷ ಕರ್ಟಿಸ್ ಅದನ್ನು ಒಂದೇ ಸಾಲಿಗೆ ಇಳಿಸಿದ: ‘ಯುದ್ಧಕಾಲದಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಕಡಿಮೆಯಿತ್ತು.’

“ಸಂಭ್ರಮದ ಪುಸ್ತಕ ಇದು, ಆರ್ಡಿತ್. ಅಳುಮುಂಜಿ ಕಥೆ ಯಾರಿಗೆ ಬೇಕು?”

“ಹಾಗಾದ್ರೆ ನನ್ನ ಹೆಸರೂ ತೆಗೆದುಬಿಡು,” ಅಂದೆ. ತೆಗೆದ.

ಆದರೂ ನಾನು ಬಿಡಲಿಲ್ಲ. ಮಿಸ್ ಪ್ರೌಟಿ ಆಮೇಲೆ ಎಲ್ಲಿಗೆ ಹೋದರೆಂದು ಕೇಳಿ ಸುತ್ತಲಿನ ರಾಜ್ಯಗಳ ಶಿಕ್ಷಣ ಕಚೇರಿಗಳಿಗೆಲ್ಲ ಕಾಗದ ಬರೆದೆ. ಐದು ತಿಂಗಳ ಮೇಲೆ ವಯೋಮಿಂಗಿನಿಂದ ಉತ್ತರ ಬಂತು. ಮಿಸ್ ಪ್ರೌಟಿ ಅಲ್ಲಿ ಒಂದು ಹಳ್ಳಿಶಾಲೆಯಲ್ಲಿ ಕಲಿಸಿ, 1951ರಲ್ಲಿ ತೀರಿಕೊಂಡಿದ್ದರು. ಕಾಗದದ ಜೊತೆ ಬಂದ ಅವರ ದಾಖಲೆಯಲ್ಲಿ ಬಂಧುಗಳ ಹೆಸರು ಬರೆಯುವ ಜಾಗ ಖಾಲಿಯಿತ್ತು.

ಕಾಗದ ಹಿಡಿದು ವಯೋಲಾ ಬಳಿ ಹೋದೆ. ಅವರು ಓದಿ ಮುಗಿಸಿ ಕಾಗದ ಮಡಿಚಿದರು. “ಆ ಶಾಲೇಲಿ ಮಕ್ಕಳು ಎಷ್ಟಿದ್ರಂತೆ?” ಅಂತ ಕೇಳಿದರು.

“ಒಂಬತ್ತು,” ಅಂದೆ. ಜೊತೆಗೆ ಬಂದ ದಾಖಲೆಯಲ್ಲಿ ಅದೂ ಇತ್ತು.

“ಒಂಬತ್ತಾ! ಹಾಗಾದ್ರೆ ಪರವಾಗಿಲ್ಲ,” ಅಂದರು.

ನರ್ಸ್ ಬಂದು ಅವರ ಗಾಲಿಕುರ್ಚಿಯನ್ನು ಊಟದ ಮನೆಯತ್ತ ತಳ್ಳಿಕೊಂಡು ಹೋದಳು. ನನಗೆ ಹೋಗಬೇಕಾದ ಕಡೆ ಯಾವುದೂ ಇರಲಿಲ್ಲ. ಅವರ ಕೋಣೆಯಲ್ಲೇ ಸ್ವಲ್ಪ ಹೊತ್ತು ಕೂತಿದ್ದೆ.