ಹೆರಿಗೆ ಮುಗಿಯಲಿ ಎಂದು ನಿಲ್ಲಿಸಿದ ರಸ್ತೆ

ನಮ್ಮ ಗಲ್ಲಿಯಲ್ಲಿ ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಬರುತ್ತಿದ್ದದ್ದು ವಾಸನೆ, ಆಮೇಲೆ ನೀರು. ಎರಡು ಬಕೆಟ್ ಚೆಲ್ಲಿ ಮೂರನೆಯದರಿಂದ ಹಿಡಿಯುವುದು ಎಲ್ಲರಿಗೂ ರೂಢಿಯಾಗಿತ್ತು. ದೆಹಲಿಯ ಹೌಜ್ ಖಾಸ್ ಮೆಟ್ರೋದಿಂದ ಆಟೋದಲ್ಲಿ ಹತ್ತು ನಿಮಿಷ ದೂರದ, ಓದಿದವರೇ ತುಂಬಿರುವ ಗಲ್ಲಿ ಇದು. ರಸ್ತೆ ಅಲ್ಲಲ್ಲಿ ಕುಸಿದಿತ್ತು. ಕುಸಿದಲ್ಲೆಲ್ಲ ಡಾಂಬರು ಸುರಿದು ಸುರಿದು ರಸ್ತೆಯೇ ನಮ್ಮ ಹೊಸ್ತಿಲಿಗಿಂತ ಎತ್ತರವಾಗಿತ್ತು. ಅದರ ಕೆಳಗೆ ಏನಾಗುತ್ತಿದೆ ಎಂದು ಯಾರೂ ಕೇಳಲಿಲ್ಲ.

ನಾನು ಕುಸುಮ, ಕೊಡಗಿನವಳು. ಸೇನೆಯ ಆಸ್ಪತ್ರೆಗಳಲ್ಲಿ ಇಪ್ಪತ್ತಾರು ವರ್ಷ ನರ್ಸ್ ಆಗಿದ್ದು ನಿವೃತ್ತಳಾದೆ. ಎದುರು ಮನೆಯಲ್ಲಿ ಶಂಕರಪ್ಪ, ಪದ್ಮಾ ದಂಪತಿ ಇದ್ದಾರೆ. ಶಂಕರಪ್ಪನವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ಅರ್ಜಿ ಬರೆಯುವುದರಲ್ಲಿ ಅವರದು ಎತ್ತಿದ ಕೈ. ಬೀದಿದೀಪ ಕೆಟ್ಟರೂ ಕೋತಿ ಕಾಟ ಹೆಚ್ಚಾದರೂ ಗಲ್ಲಿಯವರು ಓಡುವುದು ಅವರ ಹತ್ತಿರವೇ.

ಕಳೆದ ವರ್ಷ ಫೆಬ್ರವರಿಯಲ್ಲಿ ಜೂನಿಯರ್ ಇಂಜಿನಿಯರ್ ಒಬ್ಬರು ನಕ್ಷೆ ಹಿಡಿದು ಬಂದರು. ನೀರಿನ ಪೈಪು, ಕೊಳಚೆ ಪೈಪು ಎರಡನ್ನೂ ನಲವತ್ತು ವರ್ಷದ ಹಿಂದೆ ಅಕ್ಕಪಕ್ಕದಲ್ಲೇ ಹೂಳಿದ್ದಾರೆ, ಈಗ ಎರಡೂ ತೂತಾಗಿವೆ ಎಂದರು. ಮೊದಲು ಕೊಳಚೆ ಪೈಪು ಬದಲಿಸಿ, ಅದರಿಂದ ದೂರದಲ್ಲಿ ಹೊಸ ನೀರಿನ ಪೈಪು ಹಾಕುತ್ತಾರಂತೆ. ಮಳೆನೀರಿನ ಚರಂಡಿ, ಕೇಬಲ್ಲು ಮುಗಿದ ಮೇಲೆ ಹಳೆಯ ಡಾಂಬರನ್ನು ಕೆರೆದು ತೆಗೆದು ರಸ್ತೆ. ಮೂರು ತಿಂಗಳ ಕೆಲಸ. ಮನೆಗಳ ಮುಂದಿನ ರ‍್ಯಾಂಪುಗಳನ್ನು ಒಡೆಯಬೇಕು, ಕಾರುಗಳು ಗಲ್ಲಿಯ ಹೊರಗಿರಬೇಕು.

ಮಾರ್ಚಿನಲ್ಲಿ ಶುರುವಾಗಬೇಕಿತ್ತು. ಅದೇ ಹೊತ್ತಿಗೆ ಶಂಕರಪ್ಪನವರ ಮಗಳು ಹರಿಣಿ ಗುರುಗ್ರಾಮದಿಂದ ಬಾಣಂತನಕ್ಕೆ ಬರುವವಳಿದ್ದಳು. ಚೊಚ್ಚಲ ಹೆರಿಗೆ. ಅಗೆದ ಗುಂಡಿ ದಾಟಿ ಬಸುರಿ ಹೇಗೆ ಓಡಾಡುತ್ತಾಳೆ, ಆಂಬುಲೆನ್ಸ್ ಹೇಗೆ ಒಳಗೆ ಬರುತ್ತದೆ ಎಂದು ಶಂಕರಪ್ಪನವರಿಗೆ ಚಿಂತೆ ಹತ್ತಿತು. ಯಾವ ತಂದೆಗೂ ಹತ್ತುವ ಚಿಂತೆಯೇ ಅದು. ಕೆಲಸವನ್ನು ಜುಲೈಗೆ ಮುಂದೂಡಿ ಎಂದು ಅರ್ಜಿ ಬರೆದು, ಸಹಿಗಾಗಿ ಮನೆ ಮನೆಗೆ ಬಂದರು.

ಜುಲೈಯಲ್ಲಿ ಮಳೆ ಹಿಡಿಯುತ್ತದೆ, ಮಳೆ ಮುಗಿದರೆ ಹೊಗೆ, ಗಾಳಿ ಕೆಟ್ಟಾಗ ಅಗೆಯುವುದನ್ನೇ ಬಂದ್ ಮಾಡಿಸುತ್ತಾರೆ, ಈಗ ಬಿಟ್ಟರೆ ವರ್ಷ ಹೋದಂತೆ ಎಂದು ನಾನು ಹೇಳಿದೆ. ಅವರು ತಲೆ ಕೆಡಿಸಿಕೊಳ್ಳಲಿಲ್ಲ.

“ಬಸುರಿಗೆ ಈ ನೀರು ಆಗಲ್ಲ ಶಂಕರಪ್ಪನವರೇ. ಕೊಳಚೆ ಸೇರಿದ ನೀರಿಂದ ಬರೋ ಜಾಂಡೀಸು ಬೇರೆಯವರಿಗಾದ್ರೆ ಕೆಲವು ವಾರದಲ್ಲಿ ಇಳಿಯುತ್ತೆ. ಬಸುರಿಗೆ ಜೀವಕ್ಕೇ ಕುತ್ತು ಬರಬಹುದು,” ಎಂದೆ.

“ಕುಡಿಯೋಕೆ ಆರ್‌ಒ ಇದೆಯಲ್ಲ ಸಿಸ್ಟರ್. ನಲ್ಲಿ ನೀರು ಬರೀ ತೊಳೆಯೋಕೆ. ನಾಲ್ಕು ತಿಂಗಳು ಅಷ್ಟೇ. ಹೆರಿಗೆ ಒಂದು ಮುಗೀಲಿ.”

ಪದ್ಮಾ ಗಂಡನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು. ಇಪ್ಪತ್ತು ವರ್ಷದ ನೆರೆ. ಮುಖ ಮುರಿಯಲಾರದೆ ಸಹಿ ಹಾಕಿಕೊಟ್ಟೆ. ಬರೆಯಲು ನಾಚಿಕೆಯಾಗುತ್ತದೆ. ಉಳಿದವರಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು.

ಅರ್ಜಿಗೆ ಒಂದೇ ವಾರದಲ್ಲಿ ಒಪ್ಪಿಗೆ ಸಿಕ್ಕಿತು. ಕೆಲಸದವರು ಪಕ್ಕದ ಬ್ಲಾಕಿಗೆ ಹೋದರು.

ಹರಿಣಿ ಬಂದಳು. ದೆಹಲಿಯಲ್ಲೇ ಬೆಳೆದ ಹುಡುಗಿ. “ಆಂಟಿ, ಬಹುತ್ ಕಿಕ್ ಮಾರ್ತಾ ಹೈ, ಮಲಗೋಕೇ ಬಿಡಲ್ಲ,” ಎಂದು ನನ್ನ ಕೈ ಹಿಡಿದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಬಿಸಿಲು ಏರಿದಂತೆ ಅವಳಿಗೆ ಸೌತೆಕಾಯಿ ಕೋಸಂಬರಿ ಬಿಟ್ಟು ಬೇರೇನೂ ಸೇರದಾಯಿತು. ಪದ್ಮಾ ದಿನವೂ ಮಾಡಿಕೊಟ್ಟಳು. ತರಕಾರಿ ಭಯ್ಯಾನಿಂದ ತಾಜಾ ಸೌತೆಕಾಯಿ, ಎಳೆ ಕೊತ್ತಂಬರಿ ಆರಿಸಿ ತರುತ್ತಿದ್ದಳು. ತೊಳೆಯುತ್ತಿದ್ದದ್ದು ನಲ್ಲಿಯ ನೀರಿನಲ್ಲಿ. ಹರಿಣಿ ಬಾಯಿ ಮುಕ್ಕಳಿಸುತ್ತಿದ್ದದ್ದೂ ಅದೇ ನೀರಿನಲ್ಲಿ.

ಮೇ ತಿಂಗಳಲ್ಲಿ ಗಲ್ಲಿಯ ಏಳು ಜನಕ್ಕೆ ವಾಂತಿ, ಜ್ವರ ಬಂತು. ಆರು ಜನ ಚೇತರಿಸಿಕೊಂಡರು. ಹರಿಣಿಯ ಕಣ್ಣು ಹಳದಿಯಾಯಿತು, ಮಾತು ತೊದಲಿತು. ಆಂಬುಲೆನ್ಸ್ ಸೀದಾ ಬಾಗಿಲಿಗೇ ಬಂತು. ರಸ್ತೆಯಲ್ಲಿ ಒಂದು ಗುಂಡಿಯನ್ನೂ ಯಾರೂ ಅಗೆದಿರಲಿಲ್ಲ. ಹನ್ನೊಂದು ದಿನ ಅವಳು ಐಸಿಯುನಲ್ಲಿದ್ದಳು. ಗಂಡ ಆದರ್ಶ್ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಹರಿಣಿ ಉಳಿದಳು. ಮಗು ಉಳಿಯಲಿಲ್ಲ.

ಜುಲೈಯಲ್ಲಿ ಮಳೆ ಹಿಡಿಯಿತು, ನವೆಂಬರಿನಲ್ಲಿ ಹೊಗೆ ಕವಿಯಿತು. ನಾನು ಹೇಳಿದ ಹಾಗೆಯೇ ಆಯಿತು. ಅದರಿಂದ ಯಾರಿಗೆ ಏನು ಬಂತು? ಹರಿಣಿ ಗುರುಗ್ರಾಮಕ್ಕೆ ಹಿಂತಿರುಗಿದಳು. ಶಂಕರಪ್ಪನವರು ಸಂಜೆಯ ವಾಕಿಂಗ್ ಬಿಟ್ಟರು. ಪದ್ಮಾ ಕೈ ತೊಳೆಯುವ ನೀರನ್ನೂ ಕುದಿಸತೊಡಗಿದಳು.

ಈ ಫೆಬ್ರವರಿಯಲ್ಲಿ ಅದೇ ಇಂಜಿನಿಯರ್ ಮತ್ತೆ ಬಂದರು. ಪಾರ್ಕಿನಲ್ಲಿ ಸಭೆ ಸೇರಿತು. ಮೂಲೆ ಮನೆಗೆ ಡಿಸೆಂಬರಿನಲ್ಲಷ್ಟೇ ಬಾಡಿಗೆಗೆ ಬಂದ ಚಂದ್ರಶೇಖರ ಎಂಬವರು ಎದ್ದು, ಮಗಳಿಗೆ ಬೋರ್ಡ್ ಪರೀಕ್ಷೆ ಇದೆ, ಈ ಧೂಳು ಸದ್ದಿನಲ್ಲಿ ಹೇಗೆ ಓದುತ್ತಾಳೆ, ಏಪ್ರಿಲ್ ಮುಗಿಯಲಿ ಎಂದರು. ಕೆಲವರು ತಲೆಯಾಡಿಸಿದರು. ನೀವು ಒಳ್ಳೆಯ ಅರ್ಜಿ ಬರೆಯುತ್ತೀರಂತೆ ಎಂದು ಅವರು ಶಂಕರಪ್ಪನವರನ್ನೇ ಕೇಳಿದರು. ಪಾಪ, ಹೊಸಬರಿಗೆ ಹಿಂದಿನದೇನೂ ತಿಳಿದಿರಲಿಲ್ಲ.

ಶಂಕರಪ್ಪನವರು ಉತ್ತರಿಸುವ ಮೊದಲೇ ಪದ್ಮಾ ಎದ್ದು ನಿಂತಳು. ಇಷ್ಟು ವರ್ಷದಲ್ಲಿ ಗಲ್ಲಿಯ ಒಂದು ಸಭೆಯಲ್ಲೂ ಅವಳು ಮಾತಾಡಿದವಳಲ್ಲ.

“ನಾವೂ ಮಗಳಿಗೋಸ್ಕರಾನೇ ನಿಲ್ಲಿಸಿದ್ವಿ,” ಎಂದಳು. “ಹೆಣ್ಣು ಮಗು. ತಲೆ ತುಂಬ ಕೂದಲಿತ್ತು. ಆ ಕೋಸಂಬರಿ ತೊಳೆದದ್ದು ನಾನೇ, ಈ ಕೈಯಲ್ಲೇ.”

ಚಂದ್ರಶೇಖರ ಕುಳಿತುಬಿಟ್ಟರು. ಶಂಕರಪ್ಪನವರು ಇಂಜಿನಿಯರ್ ಬಳಿ ಹೋಗಿ, ಮೊದಲು ನಮ್ಮ ಮನೆಯ ರ‍್ಯಾಂಪ್ ಒಡೆಯಿರಿ ಎಂದು ಹಿಂದಿಯಲ್ಲಿ ಹೇಳಿದರು. ಆಮೇಲೆ ಒಬ್ಬರೂ ತಕರಾರು ಎತ್ತಲಿಲ್ಲ.

ಈಗ ಗಲ್ಲಿ ಉದ್ದಕ್ಕೂ ಅಗೆದಿದೆ. ಧೂಳು ಅಡುಗೆಮನೆಯವರೆಗೂ ಬರುತ್ತದೆ, ಹಲಗೆಯ ಮೇಲೆ ನಡೆದು ಮನೆ ಸೇರುತ್ತೇವೆ. ಚಂದ್ರಶೇಖರರ ಮಗಳು ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಕುಳಿತು ಓದುತ್ತಾಳೆ. ಹಳೆಯ ನೀರಿನ ಪೈಪನ್ನು ಮೇಲೆತ್ತಿದ ದಿನ ಅದರ ತೂತಿನಲ್ಲಿ ನನ್ನ ನಾಲ್ಕು ಬೆರಳು ಹೋದವು. ಪದ್ಮಾ ಅದನ್ನು ನೋಡಲು ಹೊರಗೆ ಬರಲಿಲ್ಲ.

ಇದನ್ನು ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಲ್ಲಿ ನೀರು ನಾತ ಹೊಡೆದರೆ ಎರಡು ಬಕೆಟ್ ಚೆಲ್ಲಿ ಸುಮ್ಮನಾಗಬೇಡಿ, ಅಂದೇ ದೂರು ಕೊಡಿ. ಪೈಪು ಸರಿಯಾಗುವ ತನಕ ಹಸಿ ತರಕಾರಿ ತೊಳೆಯಲು, ಬಾಯಿ ಮುಕ್ಕಳಿಸಲು ಕೂಡ ಕುದಿಸಿ ಆರಿಸಿದ ನೀರನ್ನೇ ಬಳಸಿ. ಬಸುರಿಯ ಕಣ್ಣು ಹಳದಿ ಕಂಡರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಳಗಿನ ಪೈಪು ಮುಟ್ಟದೆ ಮೇಲೆ ಡಾಂಬರು ಹಾಕಲು ಬಂದವರನ್ನು ತಡೆದು ಕೇಳಿ. ಪೈಪು ಬದಲಿಸಲು ಬಂದವರಿಗೆ ದಾರಿ ಬಿಡಿ. ನಿಲ್ಲಿಸಿ ಎಂಬ ಅರ್ಜಿ ಹಿಡಿದು ನೆರೆಯವರು ಬಂದರೆ, ನನ್ನ ಹಾಗೆ ದಾಕ್ಷಿಣ್ಯಕ್ಕೆ ಸಹಿ ಹಾಕಬೇಡಿ.

ಮನೆಯಲ್ಲಿ ಬಸುರಿ, ರೋಗಿ ಇದ್ದರೆ ಆ ಮೂರು ತಿಂಗಳು ಅವರನ್ನು ಬೇರೆ ಕಡೆ ಇರಿಸಿ. ಗುರುಗ್ರಾಮ ನಮಗೆ ಮೆಟ್ರೋದಲ್ಲಿ ಮುಕ್ಕಾಲು ಗಂಟೆ. ಹರಿಣಿ ತವರಿಗೆ ಬರುವ ಬದಲು ಪದ್ಮಾಳೇ ಅಲ್ಲಿಗೆ ಹೋಗಿ ಬಾಣಂತನ ಮಾಡಬಹುದಿತ್ತು. ಆಗ ನಮ್ಮಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ನಿಮಗಾದರೂ ಹೊಳೆಯಲಿ.