ಹಿಂದ ಬರೋ ಗಾಡಿ

ಹಿಂದೆ ಹಾರ್ನು, ಅದರ ಮೇಲೆ ಇನ್ನೊಂದು, ಎರಡನ್ನೂ ಮುಳುಗಿಸುವ ಬಸ್ಸಿನ ಹಾರ್ನು, ಆದರೆ ಇದು ತನಗಲ್ಲ, ಇವತ್ತಿನ ಮಟ್ಟಿಗೆ ತನಗಲ್ಲ, ಇದು ಅವರಿಗೆ — ತನ್ನ ಸೈಕಲ್ಲಿನ ಬೆನ್ನಿಗೆ ನಾಲ್ಕೂ ಇಂಡಿಕೇಟರು ಮಿಣುಕಿಸುತ್ತ, ಹೆಣದ ಗಾಡಿಯ ಹಾಗೆ ತೆವಳುತ್ತ ಬರುತ್ತಿರುವ ತನ್ನ ಗಂಡ ಬಸವಪ್ರಭುವಿಗೆ — ಶಾಂಭವಿ ಹೊರಳಿ ನೋಡುವುದಿಲ್ಲ, ನೋಡಿದರೆ ಅವರು ಸ್ಟಿಯರಿಂಗಿನಿಂದ ಕೈ ಎತ್ತಿ ನಡಿ ನಡಿ, ನಾ ಅದೇನಿ ಅನ್ನುತ್ತಾರೆ, ಕೋರ್ಟ್ ಸರ್ಕಲ್ಲಿನಿಂದ ಅದೇ ಆಗಿದೆ, ನಾ ಅದೇನಿ, ಯಾರು ಇರು ಅಂದರು, ಸ್ಕೂಟರಿನವನೊಬ್ಬ ಬಾಜೂಕ ಬಂದು ಏನ್ರಿ ಅಕ್ಕಾರ, ಮಂತ್ರಿ ಆದಂಗ ಕಾಣತೈತಿ, ಹಿಂದ ಗಾಡಿ ಇಟಗೊಂಡ ಹೊಂಟೀರಿ ಅಂದು ನಕ್ಕು ಮುಂದೆ ಹೋದ, ಹೋಗಲಿ, ನಗಲಿ, ಬೇರೆ ಯಾರಿಗಾದರೂ ಹೀಗಾಗಿದ್ದರೆ ತಾನೂ ನಗುತ್ತಿದ್ದಳೇನೋ, ಆದರೆ ಮುಂಜಾನೆಯ ಈ ಹೊತ್ತಿನಲ್ಲಿ ಧಾರವಾಡದ ಅರ್ಧ ಊರು ತನ್ನ ಗಂಡನ ಹಿಂದೆ ಸಾಲು ಹಚ್ಚಿ ನಿಂತು ಬೈಯುತ್ತಿರುವಾಗ ನಗು ಎಲ್ಲಿಂದ ಬರಬೇಕು, ಅವರು ಬೈಯುವುದಾದರೂ ಯಾರನ್ನು, ಕಾರನ್ನಲ್ಲ, ಕಾರಿನ ಮುಂದಿರುವ ಸೈಕಲ್ಲನ್ನು, ಕಡೆಗೆ ಎಲ್ಲ ಬಂದು ಬೀಳುವುದು ಸೈಕಲ್ಲಿನ ಮೇಲೇ. ತಾನು ಬೇಡಿದ್ದು ಕಾವಲನ್ನಲ್ಲ. ತನ್ನ ಮೊಣಕೈಗೂ ಇನ್ನೊಬ್ಬರ ತಗಡಿಗೂ ನಡುವೆ ಒಂದಿಷ್ಟು ಗಾಳಿ, ಅಷ್ಟೇ.

ದಂಡಿ ಹಿಡದು ಹೋಗು, ದಂಡಿ ಹಿಡದು ಹೋಗು ಅಂತ ಎಷ್ಟ ಸಲ ಹೇಳಬೇಕು ನಿನಗ — ಅವರ ಬಾಯಲ್ಲಿ ವರ್ಷಗಟ್ಟಲೆ ಇದೇ ಮಂತ್ರ, ಕಾರಿನೊಳಗೆ ಕೂತವರಿಗೆ ದಂಡಿ ಅಂದರೆ ರಸ್ತೆಯ ಅಂಚಿನ ಒಂದು ಬಿಳಿ ಗೆರೆ, ಸೈಕಲ್ಲಿನವರಿಗೆ ಅದು ಜಾರುವ ಸಣ್ಣ ಕಲ್ಲಿನ ಗರಸು, ಒಡೆದ ಬಾಟ್ಲಿ, ಕಬ್ಬಿನ ಹಾಲಿನವ ಚೆಲ್ಲಿದ ಸಿಪ್ಪೆ, ನಿಂತ ಕಾರಿನ ಯಾವ ಗಳಿಗೆಗಾದರೂ ತೆರೆದುಕೊಳ್ಳುವ ಬಾಗಿಲು, ಮತ್ತೆ ಗಟಾರ, ಬಾಯಿ ತೆರೆದ ಗಟಾರ, ಹೋದ ಮಳೆಗಾಲದಲ್ಲಿ ಹೇಳಿದ ಹಾಗೇ ಕೇಳಿ ದಂಡಿ ಹಿಡಿದೇ ಹೊರಟಿದ್ದಳು, ವಿದ್ಯಾಗಿರಿಯ ಹತ್ತಿರ ಟಂಟಂ ಆಟೋ ಒಂದು ಒತ್ತುತ್ತ ಬಂತು, ಇವಳು ಸರಿದಳು, ಸರಿದ ಜಾಗಕ್ಕೆ ಅದೂ ಬಂತು, ಇನ್ನಷ್ಟು ಸರಿದಳು, ಅಲ್ಲಿಗೂ ಬಂತು, ಮುಂದಿನ ಗಾಲಿ ಗಟಾರದ ಎರಡು ಕಲ್ಲಿನ ಸಂದಿಗೆ ಸಿಕ್ಕು ಇವಳು ಕೈ ಊರಿ ಬಿದ್ದಳು, ಟಂಟಮ್ಮಿನವ ಹೊರಳಿಯೂ ನೋಡಲಿಲ್ಲ, ಮಣಿಕಟ್ಟು ಮುರಿದು ಒಂದೂವರೆ ತಿಂಗಳು ಪ್ಲಾಸ್ಟರು, ಜಡೆ ಹಾಕಿಕೊಳ್ಳಲಿಕ್ಕೂ ಮಗಳನ್ನು ಕರೆಯಬೇಕು, ದವಾಖಾನೆಯಲ್ಲಿ ಅವರು ತಲೆ ಸವರುತ್ತ ಹೇಳಿದ್ದೇನು, ಪುಣ್ಯಾ, ದಂಡೀಗೆ ಇದ್ದಿ ಅಂತ ಬರೇ ಕೈಗೆ ಹೋತು. ಅವತ್ತೇ ತಿಳಿಯಿತು, ಈ ರಸ್ತೆಯಲ್ಲಿ ನೀ ಸರಿದಷ್ಟೂ ಅವರು ಬರುತ್ತಾರೆ, ಜಾಗ ಬಿಟ್ಟರೆ ಅದು ಉಪಕಾರ ಅಂತ ಯಾರಿಗೂ ಅನಿಸುವುದಿಲ್ಲ, ತಮ್ಮದೇ ಇತ್ತು ಅನಿಸುತ್ತದೆ. ಕೈ ಕೂಡಿದ ಮೇಲೆ ದಂಡಿ ಬಿಟ್ಟಳು, ನಿಂತ ಕಾರುಗಳ ಬಾಗಿಲು ತೆರೆದರೂ ತಾಗದಷ್ಟು ದೂರ, ರಸ್ತೆ ಸಣ್ಣದಾದ ಕಡೆ ಪೂರ್ತಿ ನಡುವೆ, ಎಲ್ಲರಿಗೂ ಕಾಣುವ ಹಾಗೆ, ಇಲ್ಲಿ ನುಸುಳಲಿಕ್ಕೆ ಆಗುವುದಿಲ್ಲ ಅಂತ ಹಿಂದಿನವನಿಗೆ ದೂರದಿಂದಲೇ ತಿಳಿಯುವ ಹಾಗೆ, ತಿರುಗುವ ಮೊದಲು ಹೆಗಲ ಮೇಲಿಂದ ಹೊರಳಿ ಅವನ ಕಣ್ಣಿಗೆ ಕಣ್ಣು ಕೊಟ್ಟು, ಕೈ ಚಾಚಿ, ಆಮೇಲೆ ತಿರುಗುವುದು — ಲಕಮನಹಳ್ಳಿಯ ಕಾರ್ಖಾನೆಯಲ್ಲಿ ಪಂಪಿನ ಬಿಡಿಭಾಗಗಳ ಅಳತೆ ನೋಡುವವಳು ಅವಳು, ಕೂದಲೆಳೆ ಹೆಚ್ಚುಕಡಿಮೆಯಾದರೆ ಬಾಜೂಕ ಇಡುವುದೇ ಅವಳ ಕೆಲಸ, ಇಲ್ಲಿ ಒಬ್ಬೊಬ್ಬನೂ ಅಂದಾಜಿನ ಮೇಲೆ ಹೊಡೆಯುತ್ತಾನೆ, ಹೋಗ್ತೈತಿ ಬಿಡ್ರಿ, ಏನೂ ಆಗೂದಿಲ್ಲ, ಆಗುವುದು ಯಾರಿಗೆ, ಅಂದಾಜು ಮಾಡಿದವನಿಗಂತೂ ಅಲ್ಲ.

ನಿನ್ನೆಯೂ ಹಾಗೇ ಅಲ್ಲವೇ, ನಿನ್ನೆ ಸಂಜೆ ಕಾರ್ಖಾನೆ ಬಿಟ್ಟು ಬರುವಾಗ, ಟೋಲ್‌ನಾಕಾದ ಹತ್ತಿರ ನೀರಿನ ಪೈಪಿಗೆಂದು ರಸ್ತೆಯ ಅರ್ಧ ಅಗೆದಿದ್ದಾರೆ, ಉಳಿದದ್ದು ಒಂದು ಗಾಡಿಯ ಜಾಗ, ಅವಳು ನಡುವೆ ಹಿಡಿದಳು, ನಾಲ್ಕು ತುಳಿತ ತುಳಿದರೆ ದಾಟಿಹೋಗುವಷ್ಟು ದಾರಿ, ಹಿಂದೆ ಹಾರ್ನು ಬಂತು, ಬಿಡದ ಹಾರ್ನು, ಅಂಗೈಯನ್ನು ಅದರ ಮೇಲೇ ಊರಿಬಿಟ್ಟ ಹಾರ್ನು, ಹೊಡೀರಿ ಎಷ್ಟ ಹೊಡೀತೀರಿ ಅಂದುಕೊಂಡು ಸರಿಯಲಿಲ್ಲ, ಅಗೆತ ಮುಗಿದದ್ದೇ ಬಲಕ್ಕೆ ಬಿಳೀ ಬಾಗಿಲು, ಬಿಳೀ ಕನ್ನಡಿ, ಮೊಣಕೈಗೆ ಅದು ಸವರಿದ್ದು, ಹ್ಯಾಂಡಲ್ ತಾನಾಗಿಯೇ ಎಡಕ್ಕೆ ಹೊರಳಿ ಗಾಲಿ ಗರಸಿಗಿಳಿದು — ಎಡಗಾಲು ಊರಿದಳು, ಚಪ್ಪಲಿ ಬಿಟ್ಟುಹೋಯಿತು, ಬರಿಗಾಲು ಗರಸಿನಲ್ಲಿ ಜಾರಿ ನಿಂತಿತು, ಬೆರಳ ತುದಿ ಕಿತ್ತು ಉರಿ, ಬಿದ್ದಿಲ್ಲ, ನಿಂತಿದ್ದಾಳೆ, ಗರಸಿನಲ್ಲಿ ತನ್ನ ಕಾಲು, ಅದರ ಮೇಲೆ ಧೂಳು ಇಳಿಯುತ್ತಿದೆ, ಮತ್ತು ಸಂಜೆ ಬಿಸಿಲಿಗೆ ಹೊಳೆಯುವ ಕಿಟಕಿಯ ಕಾಜಿನ ಆಚೆ ನೆರಳಿನಂಥ ಆ ಮನುಷ್ಯ, ಹೆಗಲಿಗೂ ಕಿವಿಗೂ ನಡುವೆ ಫೋನು, ಇವಳ ಕಡೆ ನೋಡಿದ, ನೆಟ್ಟಗೆ ನೋಡಿದ, ದನ ಅಡ್ಡ ಬಂದರೆ ನೋಡುವ ಹಾಗೆ, ಬಾಜೂಕ ಬಾಜೂಕ ಅಂತ ಕೈ ಬೀಸಿದ, ಹೋದ. ಬಾಯಿ ತುಂಬ ಬೈಗುಳ ಬಂದಿತ್ತು, ತವರೂರಿನ ಬೈಗುಳ, ಕಾರ್ಖಾನೆಯಲ್ಲಿ ಯಾರೂ ಅವಳ ಬಾಯಿಂದ ಕೇಳದ್ದು, ಅಷ್ಟರಲ್ಲಿ ಹಿಂದಿನ ಕಾಜಿನ ಮೇಲೆ ಅರ್ಧ ಕಿತ್ತ ಸಾಲಿಯ ಸ್ಟಿಕರು ಕಂಡಿತು, ಮಗಳು ಐಶ್ವರ್ಯಾ ಆರನೇ ಇಯತ್ತೆಯಲ್ಲಿದ್ದಾಗ ಅಂಟಿಸಿದ್ದು, ಬೈಗುಳ ಅಲ್ಲೇ ನಿಂತಿತು, ನಂಬರು ಓದುವುದು ಬೇಕಾಗಿರಲಿಲ್ಲ, ಆದರೂ ಓದಿದಳು.

ಹೆಲ್ಮೆಟ್ಟಿತ್ತು, ಧೂಳಿಗೆಂದು ಮಾಸ್ಕಿತ್ತು, ಕಾರ್ಖಾನೆಯವರು ಮೊನ್ನೆ ಕೊಟ್ಟ ಹಳದಿ ಜಾಕೆಟ್ಟು ಬಸವಪ್ರಭು ಇನ್ನೂ ನೋಡಿರಲಿಲ್ಲ, ಇರಲಿ, ಅಮರಗೋಳದ ದಲಾಲಿ ಅಂಗಡಿಯಿಂದ ಬರುವಾಗ ಫೋನು ಕಿವಿ ಬಿಟ್ಟು ಇಳಿಯುವುದಿಲ್ಲ, ಹತ್ತಿ ಎಷ್ಟಕ್ಕ ಹೋತು, ಗೋವಿನಜೋಳ ಎಷ್ಟಕ್ಕ ಹೋತು, ಎಲ್ಲ ಇರಲಿ ಅಂತ ತಾನೇ ಅವರ ಪರ ವಕೀಲಿ ಮಾಡುತ್ತ ಮನೆ ಮುಟ್ಟಿದಳು, ಹೇಳುವುದೋ ಬಿಡುವುದೋ ಅಂತ ರೊಟ್ಟಿ ಬಡಿಯುತ್ತ ಇನ್ನೂ ಲೆಕ್ಕ ಹಾಕುತ್ತಿರುವಾಗ ಅವರೇ ತಾಟಿನ ಮುಂದೆ ಕೂತು ಸುರು ಮಾಡಿದರು, ಇವತ್ತ ಒಬ್ಬಾಕಿ ನೋಡ, ಟೋಲ್‌ನಾಕಾದಾಗ, ಸೈಕಲ್ ಮ್ಯಾಲ, ನಟ್ಟನಡುವ ಹೊಂಟಾಳ, ಅಪ್ಪನ ಮನಿ ಅಂಗಳ ಇದ್ದಂಗ, ಎಷ್ಟ ಹಾರ್ನ್ ಹೊಡದ್ರೂ ಸರೀಲೇ ಇಲ್ಲ, ಇಂಥವರು ಸತ್ತರ ಬರೋದು ನಮ್ಮ ಕೊರಳಿಗೆ. ಅದಕ್ಕ ನೋಡವಾ ಐಶ್ವರ್ಯಾ, ನಿನಗ ಸೈಕಲ್ ಬ್ಯಾಡ ಅನ್ನೋದು. ಸೋಮವಾರದಿಂದ ಕಾಲೇಜಿಗೆ ಸೈಕಲ್ ಮೇಲೆ ಹೋಗುತ್ತೇನೆಂದು ವಾರದಿಂದ ಹಟ ಹಿಡಿದಿರುವ ಹುಡುಗಿ, ಬಾಯಿಗೆ ಹೊರಟಿದ್ದ ತುತ್ತನ್ನು ಕೆಳಗಿಳಿಸಿ ತಾಯಿಯ ಕಾಲು ನೋಡಿದಳು, ಬೆರಳಿಗೆ ಸುತ್ತಿದ ಅರಿವೆ ನೋಡಿದಳು, ಆಕಿ ಮೈಮ್ಯಾಲ ಏನ ಹಾಕ್ಕೊಂಡಿದ್ಲು ಪಪ್ಪಾ. ಏನೋ ಹಳದಿ ಜಾಕೆಟ್ಟು, ಹೊಳಿಯೂ ಪಟ್ಟಿ ಇದ್ದದ್ದು, ಯಾಕ. ಹುಡುಗಿ ಬಾಗಿಲ ಹಿಂದಿನ ಗೂಟದ ಕಡೆ ನೋಡಿದಳು, ಅವರೂ ನೋಡಿದರು, ಜಾಕೆಟ್ಟು ಜೋತಾಡುತ್ತಿತ್ತು. ನೀ ಇದ್ದೇನು. ನಾನ ಇದ್ದೆ. ಮಾರಿ ಕಾಣಲಿಲ್ಲಲ್ಲ ನಿಂದು. ಮಾರಿ ಕಾಣಬೇಕೇನ್ರಿ. ಹಂಗಲ್ಲ, ನೀ ಅಂತ ಗೊತ್ತಿದ್ರ ನಾ ಹಾರ್ನ್ ಹೊಡೀತಿದ್ದಿಲ್ಲ, ಶಿವನಾಣಿ ಹೇಳ್ತೇನಿ, ಅಷ್ಟ ಹತ್ತಿರ ಬರ್ತಿದ್ದೂ ಇಲ್ಲ. ಅವಳ ಸಿಟ್ಟು ಅಲ್ಲಿಯವರೆಗೆ ಒಲೆಯ ಮೇಲಿನ ಹಂಚಿನಷ್ಟೇ ಇತ್ತು, ಆ ಮಾತಿಗೆ ಒಳಗೆಲ್ಲ ಹತ್ತಿ ಉರಿಯಿತು, ಹಂಗಾದ್ರ ನಾ ಅಲ್ಲದಿದ್ರ, ಬ್ಯಾರೇದಾಕಿ ಇದ್ದಿದ್ರ ಬರ್ತಿದ್ರಿ, ಅಂದಳು, ಅವರು ಕೈ ತೊಳೆದು ಎದ್ದರು, ಮುಲಾಮು ಹುಡುಕಿ ತಂದು ಅವಳ ಕಾಲ ಹತ್ತಿರ ನೆಲಕ್ಕೆ ಕೂತು ಅರಿವೆ ಬಿಚ್ಚಿ ಹಚ್ಚಿದರು, ಕಣ್ಣು ತುಂಬಿತ್ತು, ಅದೇ ತ್ರಾಸು, ಕೆಟ್ಟ ಮನುಷ್ಯನಾಗಿದ್ದರೆ ಬೈದು ಹಗುರಾಗಬಹುದಿತ್ತು, ಇವರು ಕಾಲು ಹಿಡಿದುಕೊಂಡು ಕೂತರೆ ಏನು ಮಾಡುವುದು. ರಾತ್ರಿಯೆಲ್ಲ ಕಣ್ಣು ಮುಚ್ಚಿದರೆ ಅದೇ, ಗರಸು, ಗರಸಿನಲ್ಲಿ ಬರಿಗಾಲು, ಮೇಲೆ ಇಳಿಯುವ ಧೂಳು. ಮುಂಜಾನೆ ಅವಳಿಗಿಂತ ಮೊದಲೇ ತಯಾರಾಗಿ ಕೀಲಿ ತಿರುವುತ್ತ ನಿಂತಿದ್ದಾರೆ, ಇವತ್ತಿಂದ ನಾ ನಿನ್ನ ಹಿಂದ ಬರ್ತೇನಿ, ಯಾವ ಮಗಾ ಹತ್ತಿರ ಬರ್ತಾನ ನೋಡೂಣು. ಬ್ಯಾಡ್ರಿ. ನೀ ಸುಮ್ಮಕಿರು.

ಹಾಗಾಗಿ ಈ ದಿಬ್ಬಣ. ಟೋಲ್‌ನಾಕಾ ಬಂತು, ಅಗೆದ ಮಣ್ಣು ಹಾಗೇ ಇದೆ, ಇಂಡಿಕೇಟರಿನ ಬೆಳಕು ಮುಂದಿನ ಬೈಕಿನ ಹೊಳಪಿನಲ್ಲಿ ಮಿಣುಕಿ ಮಿಣುಕಿ ಅವಳ ಕಣ್ಣಿಗೇ ಬರುತ್ತಿದೆ, ನಡುವಿನ ಕಟಾಂಜನದ ಆಚೆ ಚಿಗರಿ ಬಸ್ಸು ತನ್ನ ಹಾದಿಯಲ್ಲಿ ತಾನು ಸುಯ್ಯನೆ ಸರಿದುಹೋಯಿತು, ಅದಕ್ಕೊಂದು ಹಾದಿ ಅಂತ ಕೊಟ್ಟರಲ್ಲ, ಕೊಟ್ಟಿದ್ದರಿಂದ ಅದರ ಮೈ ಯಾರೂ ಸವರುವುದಿಲ್ಲ, ಹಿಂದೆ ಯಾರೋ ಇಳಿದು ಬೈಯುವ ದನಿ, ಏನ್ರೀ ಸಾಹೇಬ್ರ, ಗಾಡಿ ಕೆಟ್ಟೈತೇನು, ಅದಕ್ಕೆ ಗಂಡನ ದನಿ, ಮುಂದ ನಮ್ಮ ಮನಿಯವರು ಅದಾರ್ರಿ, ಸಾವಕಾಶ ಬರ್ರಿ — ನಾಚಿಕೆಯಿಂದ ಕಿವಿ ಬಿಸಿಯಾಯಿತು, ಸಾಕು, ಇದು ಸಾಕು, ವಿದ್ಯಾಗಿರಿಯ ಏರಿನಲ್ಲಿ ರಸ್ತೆ ಅಗಲಾದದ್ದೇ ಎಡಕ್ಕೆ ಸರಿದು ಕೈ ಬೀಸಿ ಹೋಗ್ರಿ ಇನ್ನ, ಹೋಗ್ರಿ, ನಿಮಗೂ ಅಂಗಡಿಗೆ ಹೊತ್ತಾತು ಅಂದಳು, ಅವರು ಒಂದು ಗಳಿಗೆ ಅನುಮಾನಿಸಿ ಕಾರನ್ನು ಬಲಕ್ಕೆ ತೆಗೆದರು, ಎಷ್ಟು ಜಾಗ ಬಿಟ್ಟು ಬಂದರೆಂದರೆ ಬಲಗಡೆಯ ಕನ್ನಡಿ ಕಟಾಂಜನಕ್ಕೆ ತಾಗಬೇಕು ಅಷ್ಟು, ಹಾರ್ನಿಲ್ಲ, ಅವಸರವಿಲ್ಲ, ಕಾಜು ಇಳಿಸಿ, ಸರಿ ಐತೇನು ಅಂತ ಕೈಸನ್ನೆ ಮಾಡಿ ನಕ್ಕರು, ಅವಳಿಗೂ ನಗು ಬಂತು, ಬಂದೇಬಿಟ್ಟಿತು, ನೋಡ್ರಿ, ಇಷ್ಟ, ಇಷ್ಟ ನಾ ಕೇಳಿದ್ದು, ಗೊತ್ತೈತಿ ನಿಮಗ, ಎಲ್ಲಾ ಗೊತ್ತೈತಿ, ಐಶ್ವರ್ಯಾಗೂ ಸೋಮವಾರ ಹೋಗು ಅನ್ನಬಹುದು, ನಾನ ಜೋಡಿ ಹೋಗಿ ರಸ್ತೆ ತೋರಿಸ್ತೇನಿ ಅನ್ನಬಹುದು, ಬೆನ್ನಿನ ಮೇಲೆ ಬಿಸಿಲು ಹಿತ ಅನಿಸುತ್ತಿದೆ, ಪೆಡಲು ಹಗುರಾಗಿದೆ, ಕಾರು ಮುಂದೆ ಹೋಯಿತು, ಇಂಡಿಕೇಟರು ಆರಿದವು, ತಡವಾದದ್ದನ್ನೆಲ್ಲ ಈಗಲೇ ತುಂಬಿಕೊಳ್ಳುವವರ ಹಾಗೆ ಗೇರು ಬದಲಾದ ಸದ್ದು, ಮುಂದೆ ಗಾಂಧಿನಗರದ ಕಡೆಗೆ ಇನ್ನೊಂದು ಸೈಕಲ್ಲು, ಹ್ಯಾಂಡಲ್ಲಿಗೆ ಊಟದ ಡಬ್ಬಿ ಜೋತುಬಿದ್ದ ಹಳೇ ಸೈಕಲ್ಲು, ದಂಡಿ ಹಿಡಿದೇ ಹೊರಟಿದ್ದಾನೆ ಪಾಪ, ಬಿಳಿ ಗೆರೆಯ ಮೇಲೆಯೇ, ಯಾರಿಗೂ ಅಡ್ಡವಿಲ್ಲ, ಅವನ ಬಲಕ್ಕೆ ಎಮ್ಮೆಯ ಹಿಂಡು ಹೋಗುವಷ್ಟು ಜಾಗ ಬೇಕಿಲ್ಲ, ಒಂದು ಮೊಳ ಸಾಕು, ಬಲಗಡೆ ಲಾರಿ ಇದೆ, ಎರಡರ ನಡುವೆ ಹೋಗ್ತೈತಿ ಬಿಡು ಅನ್ನುವಷ್ಟು ಸಂದಿ ಇದೆ, ಬ್ಯಾಡ್ರಿ, ಒಂಚೂರು ನಿಲ್ರಿ, ಹಾರ್ನು, ಅಂಗೈ ಊರಿದ ಆ ಹಾರ್ನು, ಬಿಳೀ ಕಾರು ಸಂದಿಗೆ ನುಗ್ಗಿತು, ಡಬ್ಬಿ ಒಂದು ಸಲ ಮೇಲೆ ಹಾರಿತು, ಗಾಲಿ ಗರಸಿಗಿಳಿಯಿತು.

ಅವಳು ಮುಟ್ಟುವಷ್ಟರಲ್ಲಿ ಅವನು ನಿಂತಿದ್ದಾನೆ, ಸೈಕಲ್ಲು ತೊಡೆಗೆ ಆನಿಸಿಕೊಂಡು, ತನ್ನ ವಯಸ್ಸಿನವನೇ, ಯಾವುದೋ ಕಾರ್ಖಾನೆಯ ನೀಲಿ ಅಂಗಿ, ಯಾವ ಕಾರ್ಖಾನೆಯೋ ಹೆಸರು ಓದಲಾಗಲಿಲ್ಲ, ಡಬ್ಬಿಯ ಮುಚ್ಚಳ ಬಿಚ್ಚಿ ಪಲ್ಲೆ ಮಣ್ಣಿನಲ್ಲಿ, ಬಿದ್ರೇನ್ರಿ ಅಂದಳು, ಇಲ್ಲ್ರೀ ಅಕ್ಕಾರ, ಕಾಲ ಊರಿದೆ, ಅದಕ್ಕ ಉಳದೆ, ನೋಡ್ರಿ ಹೆಂಗ ಹೊಡೀತಾರ, ನಾ ದಂಡೀಗೇ ಇದ್ದೇನ್ರಿ, ನೀವ ನೋಡೀರಲ್ಲ. ನೋಡೇನ್ರಿ. ನಂಬರ್ ನೋಡಿದ್ರೇನ್ರಿ ಅಕ್ಕಾರ. ನೋಡಿಲ್ಲ ಅನ್ನಬಹುದು, ದೂರ ಇದ್ದೆ ಅನ್ನಬಹುದು, ಒಂದೇ ಮಾತು, ಸೈಕಲ್ಲು ಹತ್ತಿ ಹೋಗಿಬಿಡಬಹುದು, ಕಾರ್ಖಾನೆಯ ಗಂಟೆಯಾದೀತು — ನಂಬರ್ ಗೊತ್ತೈತ್ರಿ, ಅಂದಳು, ಅದು ನಮ್ಮನಿ ಗಾಡಿ. ಅವನು ಅವಳ ಮಾರಿ ನೋಡಿದ, ಜಾಕೆಟ್ಟು ನೋಡಿದ, ಬೈದಿದ್ದರೆ ಚಲೋ ಇತ್ತು, ತಲೆ ಬಗ್ಗಿಸಿ ಡಬ್ಬಿಯ ಮುಚ್ಚಳ ಹುಡುಕತೊಡಗಿದ, ಕಿಸೆಯಲ್ಲಿ ಫೋನು ನಡುಗಿತು, ಅವರದೇ, ದನಿಯಲ್ಲಿ ಹುರುಪು, ಎಷ್ಟ ಜಾಗಾ ಬಿಟ್ಟ ಬಂದೆ ನೋಡಿದ್ಯೋ ಇಲ್ಲೋ. ನೋಡಿದೆ, ಹೊಳ್ಳಿ ಬರ್ರಿ. ಯಾಕ, ಏನಾತು, ನಿನಗೇನರ ಆತೇನು. ನನಗಲ್ರಿ. ಮತ್ತ ಯಾರಿಗೆ. ಹೆಸರು ಕೇಳಿಲ್ಲ, ಕೇಳಬೇಕು, ಕೇಳಬೇಕೆಂದು ಬಾಯಿ ತೆರೆದಳು, ಫೋನಿನಲ್ಲಿ ದನಿ ಏರುತ್ತಿದೆ, ಯಾರಿಗೆ, ಹೇಳು ಲಗೂ, ಯಾರಿಗಾತು, ಗುರ್ತಿನವರೇನು, ಅವಳ ಕಣ್ಣು ಇಳಿದು ಅಲ್ಲೇ ನಿಂತಿತು, ಆಚೆ ಹೋಗಲೊಲ್ಲದು, ಗರಸು, ಗರಸಿನಲ್ಲಿ ಅವನ ಒಂದು ಬರಿಗಾಲು, ಬೆರಳ ತುದಿಯಲ್ಲಿ ಒಡೆದು ಬಂದ ಒಂದು ಹನಿ, ಅದರ ಮೇಲೆ ಮೆಲ್ಲಗೆ ಇಳಿಯುತ್ತಿರುವ ಧೂಳು